ನಾಯಕನ ಮೌನ ತಿದ್ದಿದ ಪ್ರೂಫ್ ಅಕ್ಕ

ವಾರಪತ್ರಿಕೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಕೆಲಸ. ಹಾಗಾಗಿ ಎಲ್ಲರಿಗೂ ಅವಳು ಪ್ರೂಫ್ ಅಕ್ಕ. ಕಿಟಕಿ ಪಕ್ಕದ ಮೇಜು, ಕೆಂಪು ಪೆನ್ನು, ರಟ್ಟು ಕಿತ್ತುಬಂದ ಒಂದು ನೋಟ್‌ಬುಕ್. ಆ ನೋಟ್‌ಬುಕ್ ಪತ್ರಿಕೆಗೆ ವಾರವಾರ ಬರೆಯುವ ಮೇಷ್ಟ್ರ ಧಾರಾವಾಹಿಗೇ ಮೀಸಲು.

ದೂರದ ಗ್ರಹವೊಂದರ ನಾಯಕನ ಕಥೆ ಅದು. ನಾಯಕನಿಗೆ ಮೂರು ಕೈ, ಆಕಾಶ ಹಳದಿ ಎಂಬುದೆಲ್ಲ ನೋಟ್‌ಬುಕ್ಕಿನಲ್ಲಿತ್ತು. ಬರೆಯುವ ಮೇಷ್ಟ್ರಿಗೆ ಎಪ್ಪತ್ತು ದಾಟಿ ಮರೆವು ಹತ್ತಿತ್ತು. ಒಮ್ಮೆ ನಾಯಕನಿಗೆ ನಾಲ್ಕನೇ ಕೈ ಮೂಡಿಸಿದ್ದರು. ಅಕ್ಕ ಸದ್ದಿಲ್ಲದೆ ಅದನ್ನು ತೆಗೆದಾಗ ಮೇಷ್ಟ್ರು ಫೋನ್ ಮಾಡಿ, ನನ್ನ ಮಾನ ಉಳಿಸಿದಿರಿ ಎಂದು ನಕ್ಕಿದ್ದರು. ಅಂದಿನಿಂದ ಕೇಳದೆ ತಿದ್ದುವುದು ರೂಢಿಯಾಯಿತು. ಬಸ್ ಓಡಿಸುವ ಗಂಡ ಅತ್ತೆಯ ಮುಂದೆ ಆಡಿಕೊಳ್ಳುತ್ತಿದ್ದ: "ಮನೆ ಬೀಗದ ಕೈ ಎಲ್ಲಿಟ್ಟೆ ಅಂತ ಇವಳಿಗೆ ನೆನಪಿರಲ್ಲ. ಆ ನಾಯಕನಿಗೆ ಎಷ್ಟು ಕೈ ಅನ್ನೋದು ಮಾತ್ರ ಬಾಯಿಪಾಠ."

ಅದರಲ್ಲಿ ಹನ್ನೆರಡನೇ ಕಂತಿನ ಟಿಪ್ಪಣಿಯ ಕೆಳಗೆ ಅಕ್ಕ ಎರಡು ಗೆರೆ ಎಳೆದಿದ್ದಳು. ಆ ಗ್ರಹದಲ್ಲಿ ಸತ್ತವರ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ; ಮನೆಮನೆಯೂ ಬಾಯಿಗೆ ಬೀಗ ಹಾಕಿಕೊಂಡಿತ್ತು. ನಾಯಕ ಆ ಕಟ್ಟಳೆಯನ್ನು ತಲೆಕೆಳಗು ಮಾಡಿದ. ದಿನವೂ ಊಟಕ್ಕೆ ಕೂತಾಗ ಸತ್ತವರ ಹೆಸರು ಹೇಳಬೇಕು, ಅವರದೊಂದು ಕೊರತೆಯನ್ನೂ ಹೇಳಬೇಕು. ಬರಬರುತ್ತ ಆ ಕೊರತೆಗಳನ್ನು ನೆನೆದು ಇಡೀ ಕುಲ ಅನ್ನದ ಮುಂದೆ ನಗಲು ಕಲಿಯಿತು.

ಎಂಬತ್ತಮೂರನೇ ಕಂತಿನಲ್ಲಿ ನಾಯಕನ ಹೆಂಡತಿ ಸತ್ತಳು. ಊಟಕ್ಕೆ ಕೂತ ನಾಯಕ ತುಟಿ ಬಿಚ್ಚಲಿಲ್ಲ. ಎಲ್ಲರೂ ಕಾದರು. ಕಂತು ಅಲ್ಲಿಗೇ ಮುಗಿದಿತ್ತು.

ನಿಯಮ ಮಾಡಿದವನೇ ನಿಯಮ ಮರೆತನೇ? ಮೇಷ್ಟ್ರ ಮರೆವೇ ಇರಬೇಕೆಂದುಕೊಂಡ ಅಕ್ಕ ಎರಡು ಸಾಲು ಸೇರಿಸಿದಳು. ನಾಯಕ ಹೆಂಡತಿಯ ಹೆಸರು ಹೇಳಿದ. ಲೋಟದಲ್ಲಿ ಕೊನೆಯ ಗುಟುಕು ಬಿಡುವುದು ಅವಳ ಚಾಳಿ ಎಂದ. ಅದು ಅಕ್ಕನ ಅತ್ತೆಯ ಚಾಳಿ.

ಸಂಚಿಕೆ ಹೊರಬಂದ ಮೇಲೆ ಸಂಪಾದಕರಿಗೆ ಸುದ್ದಿ ಸಿಕ್ಕಿತು: ಮೇಷ್ಟ್ರ ಹೆಂಡತಿ ತೀರಿಕೊಂಡು ಮೂರು ವಾರವಾಗಿತ್ತು, ಅವರು ಯಾರಿಗೂ ತಿಳಿಸಿರಲಿಲ್ಲ. ಅಕ್ಕ ತಾನು ಸೇರಿಸಿದ ಎರಡು ಸಾಲನ್ನು ಮತ್ತೆ ತೆಗೆದು ಓದಿದಳು. ಮೇಷ್ಟ್ರು ಕಥೆಯನ್ನು ನಿಲ್ಲಿಸಿಬಿಟ್ಟರೆ? ಇನ್ನು ಮುಂದೆ ಅವರ ಹಾಳೆ ತನ್ನ ಮೇಜಿಗೆ ಬಂದೀತೇ?

ಗುರುವಾರ ಮೇಷ್ಟ್ರೇ ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಲೋಟದ ವಿಷ್ಯ ನಿಮಗೆ ಯಾರು ಹೇಳಿದ್ರು?"

"ಯಾರೂ ಇಲ್ಲ ಸರ್. ಅದು ನಮ್ಮತ್ತೆ ಅಭ್ಯಾಸ. ನೀವು ಮರೆತ್ರಿ ಅಂದ್ಕೊಂಡೆ."

"ಮರೆತಿರಲಿಲ್ಲಮ್ಮ. ಅವನಿಗೆ ಮಾತು ಹೊರಡಲಿಲ್ಲ, ಅಷ್ಟೆ." ಮೇಷ್ಟ್ರು ಸುರುಳಿ ಸುತ್ತಿದ್ದ ಪತ್ರಿಕೆಯನ್ನು ಬಿಡಿಸಿ ಮತ್ತೆ ಸುತ್ತಿದರು. "ಆದ್ರೆ ನಾಲ್ಕು ದಿನದಿಂದ ತಲೆ ಕೆಟ್ಟಿದೆ. ನಮ್ಮವಳು ಗುಟುಕು ಬಿಡ್ತಿದ್ಲಾ, ಪೂರ್ತಿ ಕುಡೀತಿದ್ಲಾ? ನಲವತ್ತಾರು ವರ್ಷ ಎದುರಿಗೇ ಕೂತಿದ್ದೆ. ನೆನಪಿಗೇ ಬರ್ತಿಲ್ಲ."

ಮುಂದಿನ ವಾರ ತಿದ್ದುಪಡಿ ಹಾಕೋಣವೇ ಎಂದು ಅಕ್ಕ ಕೇಳಿದಳು. ಮೇಷ್ಟ್ರು ಹೊಸ ಕಂತಿನ ಹಾಳೆಗಳನ್ನು ಅವಳ ಮೇಜಿನ ಮೇಲಿಟ್ಟು, ನೋಟ್‌ಬುಕ್ಕಿನತ್ತ ಬೆರಳು ತೋರಿಸಿದರು.

"ಚಪ್ಪಲಿ ಯಾವಾಗ್ಲೂ ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ ಬಿಡ್ತಿದ್ಲು. ಇದು ಖಂಡಿತ. ಬರ್ಕೊಳ್ಳಿ, ಇದೂ ಮರೆತುಹೋದ್ರೆ ಕಷ್ಟ."

ಅಕ್ಕ ನಾಯಕನ ಹೆಂಡತಿಯ ಪುಟ ತೆರೆದಳು. ಮೊದಲ ಸಾಲು ಅವಳದೇ ಕೈಬರಹದಲ್ಲಿತ್ತು: ನಾಯಕನ ಹೆಂಡತಿಗೆ ಕಾಲಿಲ್ಲ, ತೇಲುತ್ತಾಳೆ. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಅದರ ಕೆಳಗೇ ಚಪ್ಪಲಿಯ ಸಾಲು ಬರೆದು, ಇನ್ನೇನಿತ್ತು ಸರ್ ಎಂದು ಕೇಳಿದಳು.