ಬಿ.ಸಿ. ರೋಡಿನಲ್ಲಿ ಮಾತ್ರ ಬಿಸಿಯಾಗುತ್ತಿದ್ದ ಕಾರು

ಬಲಗಾಲಿನ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅಕ್ಕ ಬೆಳ್ತಂಗಡಿಯ ತನ್ನ ಮನೆಗೆ ಬೀಗ ಹಾಕಿ ಸಿದ್ಧಕಟ್ಟೆಯ ನಮ್ಮಲ್ಲಿಗೆ ಬಂದಳು. ಅಲ್ಲಿ ಮಲಗುವ ಕೋಣೆ ಮಹಡಿಯ ಮೇಲಿತ್ತು, ನಮ್ಮಲ್ಲಿ ಮೆಟ್ಟಿಲಿನ ತಾಪತ್ರಯವಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗುವುದಕ್ಕೂ ನನ್ನನ್ನು ಕರೆಯಬೇಕಿತ್ತು. ಅದು ಅವಳಿಗೆ ನೋವಿಗಿಂತ ಕಷ್ಟವಾಗಿತ್ತು.

ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನನ್ನದು. ಫಿಸಿಯೋಥೆರಪಿಗೆ ಆಗಾಗ ಮೂಡುಬಿದಿರೆಗೆ, ಕಾಲು ತೋರಿಸುವುದಕ್ಕೆ ತಿಂಗಳಿಗೊಮ್ಮೆ ಮಂಗಳೂರಿನ ಡಾಕ್ಟರರ ಹತ್ತಿರ. ನನ್ನ ಹಳೆಯ ಕಾರು ಮೂಡುಬಿದಿರೆಗೆ ಎಷ್ಟು ಸಲ ಹೋದರೂ ತಕರಾರು ಮಾಡಿದ್ದಿಲ್ಲ. ಮೊದಲ ಸಲ ಮಂಗಳೂರಿಗೆ ಹೊರಟ ದಿನ ಬಿ.ಸಿ. ರೋಡಿನಲ್ಲಿ ವಾಹನಗಳ ಸಾಲು ಇರುವೆಯಂತೆ ಹರಿಯುತ್ತಿತ್ತು. "ಏಸಿಯಲ್ಲಿ ಬಿಸಿಗಾಳಿ ಬರ್ತಾ ಉಂಟಲ್ಲ," ಎಂದಳು ಅಕ್ಕ. ಬೇಸಗೆಯಲ್ಲವೇ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಆಗಷ್ಟೇ ನೋಡಿದೆ, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು.

ರಿಕ್ಷಾದವರು ಇಬ್ಬರು ಕಾರನ್ನು ಬದಿಗೆ ತಳ್ಳಿದರು. ಒಬ್ಬರು ಬಾನೆಟ್ ಎತ್ತಿ, ನನ್ನ ಕೈ ಮುಂದೆ ಹೋಗುವುದನ್ನು ಕಂಡು ತಡೆದರು. "ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ ಮೇಡಂ, ಕುದಿಯುವ ನೀರು ಮುಖಕ್ಕೆ ಹಾರ್ತದೆ. ತಣಿಯಲಿ." ಒಳಗೆ ಕೂರಲಾಗದೆ ಅಕ್ಕ ವಾಕರಿನ ಮೇಲೆ ಭಾರ ಹಾಕಿ ಹೆದ್ದಾರಿಯ ಧೂಳಿನಲ್ಲಿ ನಿಂತಿದ್ದಳು. ಹಾದುಹೋಗುವ ಬಸ್ಸುಗಳಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಹತ್ತಿರದ ಬಟ್ಟೆ ಅಂಗಡಿಯ ಹೆಂಗಸು ಕುರ್ಚಿ ತಂದು ಕೂರಿಸಿ ನೀರು ಕೊಟ್ಟರು. ಕಾರು ತಣಿಯುವಷ್ಟರಲ್ಲಿ ಡಾಕ್ಟರರು ಸಿಗುವ ಹೊತ್ತು ದಾಟಿತ್ತು.

ಮನೆಗೆ ಬಂದ ಮೇಲೆ ಅಕ್ಕ ಗೋಡೆ ನೋಡಿಕೊಂಡು ಹೇಳಿದಳು, "ಇನ್ನು ನಾನು ಮಂಗಳೂರಿಗೆ ಬರುವುದಿಲ್ಲ. ಕಾಲು ಹೇಗುಂಟೋ ಹಾಗೇ ಇರಲಿ."

ಸಿದ್ಧಕಟ್ಟೆಯ ಮೆಕ್ಯಾನಿಕ್ ಇಂಜಿನ್ ತಣಿಸುವ ಕೂಲೆಂಟ್ ಬದಲಾಯಿಸಿದರು, ಅದರ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಹೊಸದು ಹಾಕಿದರು. ಮೂಡುಬಿದಿರೆಯವರೆಗೆ ಓಡಿಸಿ ತಂದು, ಮುಳ್ಳು ಅರ್ಧ ದಾಟಿಲ್ಲ ಎಂದರು. ಧೈರ್ಯ ಬಂತು. ಸಾಮಾನು ತರಲು ಒಬ್ಬಳೇ ಬಿ.ಸಿ. ರೋಡಿಗೆ ಹೋದೆ. ಸಾಲಿನಲ್ಲಿ ನಿಂತದ್ದೇ ತಡ, ಮುಳ್ಳು ಮತ್ತೆ ಏರತೊಡಗಿತು. ಇಂಥ ಹೊತ್ತಿಗೆ ಹೀಟರ್ ಹಾಕಬೇಕೆಂದು ಮೆಕ್ಯಾನಿಕ್ ಹೇಳಿದ್ದು ನೆನಪಾಯಿತು. ಏಸಿ ಆರಿಸಿ, ಕಿಟಕಿ ಇಳಿಸಿ, ಮೇ ತಿಂಗಳ ಮಧ್ಯಾಹ್ನ ಹೀಟರ್ ಪೂರ್ತಿ ತಿರುಗಿಸಿದೆ. ಇಂಜಿನ್ನಿನ ಬಿಸಿಯೆಲ್ಲ ನನ್ನ ಮೇಲೆ ಬಂತು, ಆದರೆ ಮುಳ್ಳು ಅಲ್ಲೇ ನಿಂತಿತು. ಹೇಗೋ ಸಾಲಿನಿಂದ ಬಿಡಿಸಿಕೊಂಡು ಸಿದ್ಧಕಟ್ಟೆಯ ರಸ್ತೆ ಹಿಡಿದಾಗ ತಾನಾಗಿ ಇಳಿಯಿತು.

ಬೆವರಿನಲ್ಲಿ ತೊಯ್ದು ಬಂದ ನನ್ನನ್ನು ಕಂಡು ಅಕ್ಕನಿಗೆ ಗಾಬರಿಯಾಯಿತು. ನಡೆದದ್ದನ್ನು ಹೇಳಿದೆ. ಅವಳು ಹಲವು ದಿನಗಳ ಮೇಲೆ ನೆಟ್ಟಗೆ ಕೂತಳು.

"ಮೂಡುಬಿದಿರೆಗೆ ಹೋಗುವಾಗ ಒಮ್ಮೆಯಾದರೂ ಬಿಸಿ ಆಗಿತ್ತಾ?"

"ಇಲ್ಲ."

"ಅಲ್ಲಿ ಎಲ್ಲಿಯೂ ನಿಲ್ಲಲಿಕ್ಕೆ ಇಲ್ಲ. ಓಡುವಾಗ ಎದುರಿನ ಗಾಳಿ ಬರ್ತದೆ. ನಿಂತಾಗ ಗಾಳಿ ಕೊಡುವುದು ಯಾವುದು ಮಾರಾಯ್ತಿ?"

"ರೇಡಿಯೇಟರಿನ ಫ್ಯಾನು."

"ಹಾಗಾದರೆ ನೋಡುವ."

ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟೆವು. ನಾನು ಸ್ಟೇರಿಂಗಿನ ಮುಂದೆ ಕೂತು ಮುಳ್ಳು ನೋಡುತ್ತಿದ್ದೆ, ಅಕ್ಕ ಎದುರಿಗೆ ಕುರ್ಚಿ ಹಾಕಿಸಿಕೊಂಡು ಫ್ಯಾನು ನೋಡುತ್ತಿದ್ದಳು. ಏಸಿಯನ್ನೂ ಹಾಕಿದೆ. ಮುಳ್ಳು ಅರ್ಧ ದಾಟಿತು. "ಅಲುಗಲೇ ಇಲ್ಲ," ಎಂದಳು. ಇನ್ನೂ ಏರ್ತಾ ಉಂಟು ಎಂದೆ. "ಇಲ್ಲ, ಬಂದ್ ಮಾಡು ಬೇಗ." ಏಸಿಯಲ್ಲಿ ಯಾಕೆ ಬಿಸಿಗಾಳಿ ಬರುತ್ತಿತ್ತು ಎಂಬುದೂ ಆಗಲೇ ತಿಳಿಯಿತು. ಅದಕ್ಕೂ ಬೇಕಾದದ್ದು ಅದೇ ಫ್ಯಾನು.

ಫೋನ್ ಮಾಡಿದಾಗ ಮೆಕ್ಯಾನಿಕ್ ಆಚೆಯಿಂದ ನಕ್ಕರು. "ನಾನು ಖಾಲಿ ರಸ್ತೆಯಲ್ಲಿ ಓಡಿಸಿದ್ದು, ಹೇಗೆ ಗೊತ್ತಾಗ್ತದೆ. ಬರ್ತೇನೆ." ಸಂಜೆ ಬಂದವರು ಬ್ಯಾಟರಿಯಿಂದ ಎರಡು ವಯರ್ ಎಳೆದು ನೇರ ಫ್ಯಾನಿಗೆ ಮುಟ್ಟಿಸಿದರು. ಅದು ಗರ್ರನೆ ತಿರುಗಿತು. ಫ್ಯಾನು ಚೆನ್ನಾಗಿಯೇ ಇದೆ, ಅದಕ್ಕೆ ಕರೆಂಟು ಬರುತ್ತಿಲ್ಲ ಎಂದಾಯಿತು. ಅಕ್ಕ ಮೊಬೈಲಿನ ಟಾರ್ಚ್ ಹಿಡಿದಳು, ಅವರು ವಯರಿನ ಜಾಡು ಹಿಡಿದು ಹೋದರು. ಬ್ಯಾಟರಿಯ ಅಡಿಯಲ್ಲಿ ಒಂದು ವಯರ್ ತುಂಡಾಗಿತ್ತು. ತುದಿಯಲ್ಲಿ ಹಲ್ಲಿನ ಗುರುತು.

"ಇಲಿ," ಎಂದರು ಮೆಕ್ಯಾನಿಕ್.

"ಇಲಿಯಾ?" ಅಕ್ಕ ನಗತೊಡಗಿದಳು. ಟಾರ್ಚಿನ ಬೆಳಕು ಎಲ್ಲೆಲ್ಲಿಯೋ ಅಲುಗಾಡಿತು. ಆಪರೇಷನ್ ಆದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ವಯರ್ ಜೋಡಿಸಿ ಮತ್ತೆ ಇಂಜಿನ್ ಚಾಲೂ ಮಾಡಿದೆವು. ಮುಳ್ಳು ಅರ್ಧ ದಾಟುತ್ತಿದ್ದಂತೆ ಫ್ಯಾನು ತಾನಾಗಿ ತಿರುಗಿತು, ಮುಳ್ಳು ಕೆಳಗಿಳಿಯಿತು. ಅಂಗಳದ ಪರೀಕ್ಷೆ ಸಾಲದು ಎಂದಳು ಅಕ್ಕ. ಮರುದಿನ ನಾವಿಬ್ಬರು ಟ್ರಾಫಿಕ್ ಹುಡುಕಿಕೊಂಡು ಹೊರಟೆವು. ಬಿ.ಸಿ. ರೋಡು ಅಂದೇ ಖಾಲಿ. ಪಾಣೆಮಂಗಳೂರಿನ ಪೇಟೆಗೆ ಹೋದೆವು. ಅಲ್ಲಿ ಅಂಗಡಿಯೊಂದರ ಮುಂದೆ ಲಾರಿ ನಿಲ್ಲಿಸಿ ಅಕ್ಕಿ ಇಳಿಸುತ್ತಿದ್ದರು. ಮುಂದೆಯೂ ಹೋಗಲಾಗದು, ಹಿಂದೆಯೂ ಹೋಗಲಾಗದು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೆ ನಾವು ಕಿವಿಗೊಟ್ಟು ಕೂತಿದ್ದೆವು. ಮುಂದಿನಿಂದ ಫ್ಯಾನಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಲಾರಿಯವನು ಬಂದು, "ಸ್ವಲ್ಪ ತಡ ಆಗ್ತದೆ, ಬೇಜಾರು ಮಾಡಬೇಡಿ," ಎಂದ.

"ನಿಧಾನ ಮಾಡಿ, ನಮಗೆ ಏನೂ ಅವಸರ ಇಲ್ಲ," ಎಂದಳು ಅಕ್ಕ.

ಮುಂದಿನ ವಾರ ಮಂಗಳೂರಿಗೆ ಹೋದೆವು. ಡಾಕ್ಟರರು ಎಕ್ಸ್‌ರೇ ನೋಡಿ, ಮೂಳೆ ಕೂಡಿದೆ, ವಾಕರ್ ಬಿಟ್ಟು ಕೋಲು ಹಿಡಿಯಬಹುದು ಎಂದರು. ಬರುವಾಗ ಬಿ.ಸಿ. ರೋಡಿನಲ್ಲಿ ಸಾಲು ಮೊದಲಿಗಿಂತಲೂ ಉದ್ದವಿತ್ತು. ಏನೋ ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಅಕ್ಕ ಏಸಿಯ ತಂಪಿನಲ್ಲಿ ಸೀಟಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದಳು.