ಅವ್ವೆಯ ಹಣೆಯ ಚುಕ್ಕಿಗಳು

ನನಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೇ. ಅದರಲ್ಲೂ ಯಂತ್ರಮನುಷ್ಯರು ಬಂದು ಊರು ಸುಡುವ, ನಾಯಕ ಒಂದೇ ಕೈಯಲ್ಲಿ ಲಾರಿ ತಡೆಯುವ ಸಿನಿಮಾ ಬಂತೆಂದರೆ ಟಿವಿ ಆರಿಸಿ ಒಲೆ ಮುಂದೆ ಹೋಗಿ ಕೂರುವವಳು ನಾನು. ಅಂಥವಳು ಈಗ ಯಾವ ಸಿನಿಮಾ ನೋಡಿದರೂ ಕಥೆ ಬಿಟ್ಟು, ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಹುಡುಕುತ್ತೇನೆ. ಇದಕ್ಕೆ ಕಾರಣ ನಮ್ಮ ಅವ್ವೆ. ನಾವು ಬಡಗರು ತಾಯಿಯನ್ನು ಕರೆಯುವುದೇ ಹಾಗೆ.

ಊಟಿ ಕಡೆಯ ಹುಬ್ಬತಲೈಯಲ್ಲಿ ನಮ್ಮದೊಂದು ಸಣ್ಣ ಟೀ ತೋಟ. ಒಂದು ಬೆಳಿಗ್ಗೆ ಸಿನಿಮಾದವರ ಏಜೆಂಟ್ ಒಬ್ಬ ನಮ್ಮ ಹಟ್ಟಿಗೆ ಬಂದ. ಅವಲಾಂಚ್ ಕಡೆ ಶೂಟಿಂಗ್ ಇದೆ, ವಯಸ್ಸಾದ ಹೆಂಗಸರು ಬೇಕು, ಎಲ್ಲರೂ ಬಿಳಿ ಬಟ್ಟೆಯಲ್ಲಿ ಬರಬೇಕು ಎಂದ. ಪುಣ್ಯಾತ್ಮ ಹೇಳಿದ್ದು ಅಷ್ಟೇ. ನಮ್ಮಲ್ಲಿ ಹೆಂಗಸರು ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿ ಹೋಗುವುದು ಮದುವೆಗೆ, ಹಬ್ಬಕ್ಕೆ. ಹಾಗಾಗಿ ಇದು ಮದುವೆ ಸೀನೇ ಇರಬೇಕು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಪೆಟ್ಟಿಗೆಯಿಂದ ಹೊಸ ಮುಂಡು ಹೊರಬಂತು, ಚಿನ್ನ ಹೊರಬಂತು. ವ್ಯಾನಿನಲ್ಲಿ ಒಬ್ಬಾಕೆ ಮದುವೆ ಹಾಡು ಬೇರೆ ಶುರುಮಾಡಿದಳು. ಅವ್ವೆಯನ್ನೂ ಇವರನ್ನೂ ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು ನಾನೂ ಹತ್ತಿದೆ.

ಅಲ್ಲಿ ಹೋದರೆ ಮದುವೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಇವರೆಲ್ಲ ಸತ್ತವರ ಮುಖ ಹೊತ್ತ ಯಂತ್ರಗಳಂತೆ. ಮಂಜಿನೊಳಗಿಂದ ಎದ್ದು ಬಂದು ನಾಯಕನನ್ನು ಅಟ್ಟಬೇಕಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಬಿಳಿ ಕಂಡರೆ ಹೆಣ ಎನ್ನುವ ಇವರ ಬುದ್ಧಿಗೆ ಏನು ಹೇಳುವುದು? ನೇರವಾಗಿ ಕ್ಯಾಮೆರಾದವನ ಹತ್ತಿರ ಹೋಗಿ ಕೇಳಿಯೇಬಿಟ್ಟೆ. ಆತ ನಿಧಾನಸ್ಥ. ತಮಿಳಿನಲ್ಲಿ ಸಮಾಧಾನವಾಗಿ, "ಹಾಗಲ್ಲ ಅಕ್ಕಾ, ಬಿಳಿಗೆ ಯಾವ ಬೆಳಕು ಬಿಟ್ಟರೂ ಆ ಬಣ್ಣವಾಗುತ್ತದೆ. ಅದಕ್ಕೇ ಬಿಳಿ ಕೇಳಿದ್ದು" ಎಂದ. ನನ್ನ ಬಾಯಿ ಮುಚ್ಚಿಸಲೋ ಏನೋ, ಅವನ ಪಕ್ಕದ ಸಣ್ಣ ಪರದೆ ಎದುರು ಒಂದು ಕುರ್ಚಿಯನ್ನೂ ಹಾಕಿಸಿಕೊಟ್ಟ.

ಅಲ್ಲಿ ಕೂತು ನೋಡಿದ್ದನ್ನು ನಾನು ಇನ್ನೂ ಮರೆತಿಲ್ಲ. ಹೊರಗೆ ಒಳ್ಳೆ ಬಿಸಿಲು, ಪರದೆಯಲ್ಲಿ ನೀಲಿ ಕತ್ತಲೆ. ವರ್ಷವೆಲ್ಲ ಮಂಜು ಸುರಿಯುವ ಅವಲಾಂಚಿನಲ್ಲಿ ಅವತ್ತೇ ಒಂದೆಳೆ ಮಂಜಿರಲಿಲ್ಲ, ಯಂತ್ರದಿಂದ ಹೊಗೆ ಊದಿದರು. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಇಟ್ಟಾಗ ನಮ್ಮ ಗಿಡ್ಡ ಹೆಂಗಸರು ಮರದಷ್ಟು ಎತ್ತರವಾದರು. ಅವರು ನಡೆದದ್ದು ಎಲೆ ತೂಕಕ್ಕೆ ಹಾಕಿ ಮನೆಗೆ ಹೊರಟಂತೆ, ದಿನಾ ನಡೆಯುವ ಹಾಗೆಯೇ. ಅದನ್ನೇ ನಿಧಾನಗೊಳಿಸಿ ತೋರಿಸಿದಾಗ ನನಗೇ ಎದೆ ಧಸಕ್ಕೆಂದಿತು. ಭಯ ಇವರ ಮೈಯಲ್ಲಿರಲಿಲ್ಲ. ಕ್ಯಾಮೆರಾ ಎಲ್ಲಿಟ್ಟಿದ್ದರು, ಬೆಳಕು ಯಾವ ಕಡೆ ಬಿಟ್ಟಿದ್ದರು ಎನ್ನುವುದರಲ್ಲಿತ್ತು. ಅದು ತಿಳಿದ ಮೇಲೂ ಭಯ ಹೋಗಲಿಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ.

ಮಧ್ಯಾಹ್ನ ಮುಖವನ್ನು ಹತ್ತಿರದಿಂದ ತೆಗೆಯುವ ಶಾಟಿಗೆ ನಮ್ಮ ಅವ್ವೆಯನ್ನು ಮಾತ್ರ ಆರಿಸಿದರು. ಮೇಕಪ್ಪಿನ ಹುಡುಗಿ ಅವಳ ಹಣೆ, ಕೆನ್ನೆಗಳ ಮೇಲೆ ಕಪ್ಪು ಚುಕ್ಕಿ ಇಟ್ಟಳು. ಮುಂದೆ ಕಂಪ್ಯೂಟರಿನಲ್ಲಿ ಲೋಹದ ಮುಖ ಕೂರಿಸುವಾಗ, ಮುಖ ಎಲ್ಲೆಲ್ಲಿ ಅಲುಗಿತು ಎಂದು ಹಿಡಿಯಲು ಈ ಗುರುತುಗಳು. "ಪಾಟಿ, ಸುಮ್ಮಾ ನಿಲ್ಲುಂಗ" ಎನ್ನುತ್ತಾ ಹುಡುಗಿ ಕನ್ನಡಿ ಹಿಡಿದಳು. ತನ್ನನ್ನು ಅಜ್ಜಿ ಎಂದದ್ದಕ್ಕೆ ಮುಖ ಗಂಟಿಕ್ಕಿದ್ದ ಅವ್ವೆ, ಕನ್ನಡಿ ನೋಡಿದವಳೇ ನನ್ನನ್ನು ಹತ್ತಿರ ಕರೆದಳು.

"ನೋಡು," ಎಂದಳು ನನಗೆ. "ಕೆನ್ನೆ ಬಿಡು, ಹಣೆ ನೋಡು. ಎನ್ನ ಅವ್ವೆ."

ನಮ್ಮ ಹಳೆಯ ತಲೆಮಾರಿನ ಹೆಂಗಸರ ಹಣೆಯ ಮೇಲೆ ಹಚ್ಚೆಯ ಚುಕ್ಕಿಗಳಿರುತ್ತಿದ್ದವು. ಸ್ಕೂಲಿಗೆ ಹೋದ ಅವ್ವೆ ಹಚ್ಚೆ ಹಾಕಿಸಿಕೊಂಡವಳಲ್ಲ. ಅವಳ ತಾಯಿ, ನನ್ನ ಹೆತ್ತೆ, ನಾನು ಹುಟ್ಟುವ ಮೊದಲೇ ಹೋಗಿದ್ದಳು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದವಳು, ಹಾಗಾಗಿ ಅವಳ ಒಂದು ಫೋಟೋವೂ ಇಲ್ಲ. ಇತ್ತೀಚೆಗೆ ತಾಯಿಯ ಮುಖ ತನಗೆ ಸರಿಯಾಗಿ ನೆನಪಾಗುತ್ತಿಲ್ಲ ಎಂದು ಅವ್ವೆ ಆಗಾಗ ಹೇಳಿಕೊಳ್ಳುತ್ತಿದ್ದಳು. ಅದು ಅವಳನ್ನು ತಿನ್ನುತ್ತಿತ್ತು.

ಒಂದು ಫೋಟೋ ತೆಗೆಯೋಣ ಎಂದರೆ ನಮ್ಮ ಫೋನುಗಳನ್ನೆಲ್ಲ ಗೇಟಿನಲ್ಲೇ ತೆಗೆದಿಟ್ಟುಕೊಂಡಿದ್ದರು. ಬೇಡಿಕೊಂಡೆ, ಜಗಳವಾಡಿದೆ, ರೂಲ್ಸ್ ಅಂದರೆ ರೂಲ್ಸ್ ಎಂದರು. ಶಾಟ್ ಮುಗಿದದ್ದೇ ಚುಕ್ಕಿಗಳನ್ನು ಹತ್ತಿಯಿಂದ ಒರೆಸಿಬಿಟ್ಟರು.

"ಸಿನಿಮಾದಲ್ಲಿ ದೊಡ್ಡದಾಗಿ ಕಾಣುತ್ತೆ, ಅಲ್ಲವಾ?" ಎಂದು ವಾಪಸು ಬರುವಾಗ ವ್ಯಾನಿನಲ್ಲಿ ಅವ್ವೆ ಕೇಳಿದಳು.

"ಅವ್ವೆ, ಆ ಚುಕ್ಕಿಗಳನ್ನು ಅಳಿಸುತ್ತಾರೆ. ಅವು ಇರೋದೇ ಅಳಿಸೋಕೆ."

"ಅಳಿಸೋದಾದರೆ ಯಾಕೆ ಇಟ್ಟರು?" ಎಂದಳು. ನಾನು ಎಷ್ಟು ಬಿಡಿಸಿ ಹೇಳಿದರೂ ಒಂದು ಕ್ಷಣವಾದರೂ ಕಾಣದೆ ಇರುತ್ತದಾ ಎಂದೇ ಅವಳ ವಾದ. ಸಿನಿಮಾ ಬಿಡುಗಡೆಯಾಗುವವರೆಗೂ ಹಾಗೇ ಕಾದಳು.

ಊಟಿಯಲ್ಲಿ ಮ್ಯಾಟಿನಿಗೆ ಹೋದೆವು. ಅವ್ವೆ ಹೊಸ ಮುಂಡು ಉಟ್ಟಿದ್ದಳು. ನಮ್ಮ ಹೆಂಗಸರು ನೀಲಿ ಹೊಗೆಯೊಳಗಿಂದ ಎದ್ದು ಬಂದಾಗ ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು. ಆಮೇಲೆ ಅವ್ವೆಯ ಮುಖ ಪರದೆ ತುಂಬ ಬಂತು. ನುಣ್ಣಗೆ ತಿಕ್ಕಿದ ಪಾತ್ರೆಯಂತೆ ಹೊಳೆಯುವ ಲೋಹ. ಗೆರೆ ಇಲ್ಲ, ಚುಕ್ಕಿ ಇಲ್ಲ. ಕಣ್ಣು ಮಾತ್ರ ಅವಳದು. ಅದು ಒಮ್ಮೆ ಮಿಟುಕಿತು, ಅಷ್ಟರಲ್ಲಿ ನಾಯಕ ಗುಂಡು ಹೊಡೆದ.

ಬಸ್ಸಿನಲ್ಲಿ ಅವ್ವೆ ಕಿಟಕಿ ಕಡೆ ತಿರುಗಿ ಕೂತಳು. "ಬರಲಿಲ್ಲ" ಎಂದಳು, ಅಷ್ಟೇ. ನನಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಸಿಟ್ಟು ಯಾರ ಮೇಲೆ ತೀರಿಸುವುದು? ಅವರು ಮಾಡುತ್ತೇವೆಂದದ್ದನ್ನೇ ಮಾಡಿದ್ದರು, ಅಚ್ಚುಕಟ್ಟಾಗಿ ಮಾಡಿದ್ದರು. ಅದೇ ಕೆಲಸವನ್ನು ತಿರುಗಿಸಿ ಮಾಡಿದರೆ ಹೇಗೆ ಎಂದು ನನಗೆ ಹೊಳೆದದ್ದು ಅರವಂಕಾಡು ದಾಟುವಾಗ.

ಮರುದಿನ ಬೆಳಿಗ್ಗೆ ಅವ್ವೆಯನ್ನು ಕಿಟಕಿ ಪಕ್ಕ ಕೂರಿಸಿದೆ. ಇನ್ನೊಂದು ಕಿಟಕಿಗೆ ಕಂಬಳಿ ಕಟ್ಟಿ ಮುಚ್ಚಿದೆ. ಒಂದೇ ಕಡೆಯಿಂದ ಬಿದ್ದ ಬೆಳಕು ಮುಖದ ಗೆರೆಗಳನ್ನೆಲ್ಲ ಎತ್ತಿ ತೋರಿಸುತ್ತದೆ ಎನ್ನುವುದನ್ನು ಶೂಟಿಂಗಿನ ಆ ಸಣ್ಣ ಪರದೆ ಎದುರು ಕೂತೇ ಕಲಿತಿದ್ದೆ. ಅವಳ ಮಡಿಲ ಮೇಲೆ ಬಿಳಿ ಮುಂಡು ಹರಡಿದೆ, ಅದರಿಂದ ಪುಟಿದ ಬೆಳಕಿಗೆ ಗಲ್ಲದ ಕೆಳಗಿನ ಕತ್ತಲೆ ತಿಳಿಯಾಯಿತು. ಕಣ್ಕಪ್ಪು ತೆಗೆದುಕೊಂಡು, "ಎಲ್ಲೆಲ್ಲಿ ಇತ್ತು, ಹೇಳು" ಎಂದೆ.

ಅವ್ವೆ ಕಣ್ಣು ಮುಚ್ಚಿದಳು. ಬೆರಳನ್ನು ಹಣೆಗೆ ಒಯ್ದು ತಡಕಾಡಿದಳು. ಚಿಕ್ಕವಳಿದ್ದಾಗ ತಾಯಿಯ ಮಡಿಲಲ್ಲಿ ಮಲಗಿ ಒಂದೊಂದೇ ಚುಕ್ಕಿ ಮುಟ್ಟುತ್ತಿದ್ದಳಂತೆ. ಮುಖ ಮರೆತಿದ್ದರೂ ಬೆರಳು ಮರೆತಿರಲಿಲ್ಲ. "ಇಲ್ಲಿ. ಇನ್ನೂ ಮೇಲೆ. ಹ್ಞಾಂ, ಅಲ್ಲೇ." ಅವಳ ಬೆರಳು ಎದ್ದ ಜಾಗದಲ್ಲೆಲ್ಲ ಚುಕ್ಕಿ ಇಡುತ್ತಾ ಹೋದೆ. ಇಟ್ಟು ಹಿಂದೆ ಸರಿದು ನೋಡಿದರೆ, ನಾನು ಕಾಣದ ನನ್ನ ಹೆತ್ತೆ ಕೂತಿದ್ದಳು. ಅವಸರದಲ್ಲಿ ತೆಗೆದ ಮೊದಲ ಫೋಟೋ ಕೆಟ್ಟಿತು.

ಸರಿಯಾಗಿ ಬಂದದ್ದನ್ನು ತೋರಿಸಿದಾಗ ಅವ್ವೆ ಫೋನಿನ ಮೇಲೆ ಬೆರಳಿಟ್ಟಳು. ಬೆರಳು ತಾಗಿದ್ದೇ ಚಿತ್ರ ಪಕ್ಕಕ್ಕೆ ಜಾರಿ ಹೋಯಿತು. "ಅಯ್ಯೋ, ಹೋದಳಲ್ಲ, ಹಿಡಿ" ಎಂದು ಗಾಬರಿಯಾದಳು. ನಾವಿಬ್ಬರೂ ನಕ್ಕೆವು, ನಕ್ಕು ನಕ್ಕು ಅತ್ತೆವು.

ಕೂನೂರಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಫ್ರೇಮಿಗೆ ಗಾಜು ಹಾಕಲು ಅವ್ವೆ ಬಿಡಲಿಲ್ಲ. ಗಾಜು ಹಾಕಿದರೆ ಮುಟ್ಟಲು ಆಗುವುದಿಲ್ಲವಂತೆ.