ನಾಲ್ಕು ಕಿಲೋ ಸುಳ್ಳು

ನಮ್ಮ ಹೃದಯ ವಿಭಾಗದ ಹಿರಿಯ ನರ್ಸ್‌ಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಗುಡುಗಕ್ಕ. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವರ ದನಿ ಒಂದು ದಿನವೂ ತಗ್ಗಿದ್ದಿಲ್ಲ. ಹೃದಯ ಸೋತವರ ಮನೆಗಳಿಗೆ ಹೋಗಿ ನೋಡಿಕೊಳ್ಳುವುದು ಅವರ ಕೆಲಸ, ಅವರ ಚೀಲ ಹೊರುವುದು ಕಿರಿಯ ನರ್ಸ್ ಆದ ನನ್ನದು. ಉಪ್ಪು ಹೆಚ್ಚು ತಿಂದವರಿಗೆ ಅವರು ಮಾಡುವ ಮಂಗಳಾರತಿ ಇಡೀ ಬೀದಿಗೆ ಕೇಳಿಸುತ್ತಿತ್ತು. ನನಗೂ ಅದರ ಪಾಲು ಧಾರಾಳವಾಗಿ ಸಿಕ್ಕಿದೆ.

ಆ ಬೆಳಿಗ್ಗೆ ನಮ್ಮ ರೋಗಿಯಾದ ಒಬ್ಬ ಟೈಲರ್ ಮನೆಗೆ ಹೋದೆವು. ಈ ಕಾಯಿಲೆಯಲ್ಲಿ ಮೈಯೊಳಗೆ ನೀರು ನಿಂತರೆ ತೂಕ ಏರುತ್ತದೆ. ಅದಕ್ಕೇ ದಿನಾ ತೂಕ ನೋಡಿ ಬರೆದಿಡಬೇಕು. ಟೈಲರ್ ಪುಸ್ತಕದಲ್ಲಿ ಎಂಟು ದಿನವೂ ಅರವತ್ತೆರಡು. ಗುಡುಗಕ್ಕ ಫೋನಿನಲ್ಲೇ ಶಭಾಷ್ ಅಂದಿದ್ದರು. ಆದರೆ ಎದುರಿಗೆ ಕುರ್ಚಿಯಲ್ಲಿದ್ದ ಮನುಷ್ಯ ಕೂತಲ್ಲೇ ಏದುಸಿರು ಬಿಡುತ್ತಿದ್ದರು. ಕಾಲಿಗೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯಿತು.

"ಎಲ್ಲಿ, ತೂಕದ ಮೆಷಿನ್ ತನ್ನಿ."

ಟೈಲರ್ ಹೆಂಡತಿ ಗಂಡನ ಮುಖ ನೋಡಿದರು. ಗುಡುಗಕ್ಕ ಮಂಚದಡಿಯಿಂದ ಅದನ್ನು ಎಳೆದು ತಾವೇ ಹತ್ತಿ ನಿಂತರು. ಅವರು ಎಪ್ಪತ್ತು ಕಿಲೋ ಎಂದು ಇಡೀ ಆಸ್ಪತ್ರೆಗೆ ಗೊತ್ತು, ಅವರೇ ಸಾರಿದ್ದು. ಮುಳ್ಳು ಅರವತ್ತಾರು ತೋರಿಸಿತು. ಇಳಿದಾಗ ಸೊನ್ನೆಗಿಂತ ಹಿಂದೆ ಹೋಗಿ ನಿಂತಿತು. ಅಂದರೆ ಟೈಲರ್ ಮೈಯಲ್ಲಿ ನಾಲ್ಕು ಕಿಲೋ ನೀರು!

"ಇದರ ಸೊನ್ನೆ ಹೊಂದಿಸೋ ಚಕ್ರ ತಿರುಗಿಸಿದ್ದು ಯಾರು?"

"ನಾನೇ... ದಿನಾ ಒಂಚೂರು," ಟೈಲರ್ ಉಸಿರೆಳೆದುಕೊಂಡರು. "ಬಟ್ಟೆ ಬಿಗಿಯಾದ್ರೆ... ಹೊಲಿಗೆ ಬಿಚ್ಚಿ ಸಡಿಲ ಮಾಡಲ್ವಾ, ಹಾಗೆ. ಹೋದ್ಸಲ ಒಂದೇ ಕಿಲೋಗೆ... ಬೀದಿಗೆಲ್ಲಾ ಕೇಳೋ ಹಾಗೆ ಬೈದ್ರಲ್ಲ ಸಿಸ್ಟರ್. ಇವಳು ಎರಡು ದಿನ ಅತ್ತಳು."

ನಾನು ಗುಡುಗಿಗೆ ಕಾದೆ. ಅದು ಬರಲಿಲ್ಲ.

"ತಪ್ಪು ನಂದು ಅಣ್ಣ," ಎಂದರು. ಅವರ ಅಷ್ಟು ತಗ್ಗಿದ ದನಿ ನಾನು ಕೇಳಿಯೇ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಆಂಬುಲೆನ್ಸ್ ಕರೆಸಿ, ಅವರ ಪಕ್ಕ ಕೂತರು. "ಆಸ್ಪತ್ರೆಗಂತೂ ಹೋಗಲೇಬೇಕು. ಅಲ್ಲಿ ನಿಮಗೇನು ಬೇಕು ಹೇಳಿ, ನಾನು ಮಾಡಿಸ್ತೀನಿ."

"ಇವಳು... ಪಕ್ಕದಲ್ಲಿರ್ಲಿ."

ಆಂಬುಲೆನ್ಸ್‌ನಲ್ಲಿ ಟೈಲರ್ ತುಟಿ ನೀಲಿಯಾಗುತ್ತಿತ್ತು. ಆಕ್ಸಿಜನ್ ಸಾಲುತ್ತಿಲ್ಲವೇನೋ ಎಂದು ನಾನು ಸಿಲಿಂಡರಿನ ಮುಳ್ಳು ನೋಡಿದೆ. ಗುಡುಗಕ್ಕ ಅವರ ಕೈ ಹಿಡಿದು ತುಟಿ ಪಿಟಕ್ಕೆನ್ನದೆ ಕೂತಿದ್ದರು. ಟೈಲರ್ ಮಾಸ್ಕ್ ಸರಿಸಿದರು.

"ಸಿಸ್ಟರ್... ಬೈಯ್ರಿ. ನೀವು ಸುಮ್ನಿದ್ರೆ... ಹೆದರಿಕೆ ಆಗುತ್ತೆ."

"ಮತ್ತೆ ಮಾಸ್ಕ್ ಮುಟ್ಟಿದ್ರೆ ಕೈ ಮುರೀತೀನಿ!" ಗುಡುಗಕ್ಕ ಅಬ್ಬರಿಸಿದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಎಮರ್ಜೆನ್ಸಿ ಬಾಗಿಲಲ್ಲಿ ಟೈಲರ್ ಹೆಂಡತಿಯನ್ನು ತಡೆದ ಗಾರ್ಡ್‌ಗೆ ಉಳಿದ ಬೈಗುಳವೆಲ್ಲ ಸಿಕ್ಕಿತು. ಆ ಅಮ್ಮ ಒಳಗೆ ಹೋದರು.

ಐದನೇ ದಿನ ವಾರ್ಡಿನ ಮೆಷಿನ್ ಮೇಲೆ ಟೈಲರ್ ಅರವತ್ತೆರಡು ತೂಗಿದರು. ಗುಡುಗಕ್ಕ ನಂಬಲಿಲ್ಲ. ಅವರನ್ನು ಮೆಲ್ಲಗೆ ಇಳಿಸಿ, ತಾವು ಹತ್ತಿ ನೋಡಿದರು.

ಎಪ್ಪತ್ತು.